ಪಕ್ಕದ ಸೀಟಿನ ಕ್ಲಚ್ಚು

ಮಹಡಿಯ ಕಿಟಕಿಯಲ್ಲಿ ಟೀಚರಮ್ಮನ ಕೈ ಅಡ್ಡಡ್ಡ ಆಡಿತು. ನಿನ್ನೆ ಕೇಳಿದ ಸದ್ದು ಇದೂ ಅಲ್ಲ ಎಂದು ಅರ್ಥ.

ನಾನು ಏರಿನಲ್ಲೇ ಹ್ಯಾಂಡ್‌ಬ್ರೇಕ್ ಎಳೆದೆ. ಪಕ್ಕದ ಸೀಟಿನಲ್ಲಿದ್ದ ನನ್ನ ತಮ್ಮ ಓಣಿಯ ಗೋಡೆ ನೋಡುತ್ತ ಕುಳಿತಿದ್ದ. ರಸ್ತೆಯುಬ್ಬಿನ ಬಳಿ ನಿಂತಿದ್ದ ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯನಿಗೆ ಬೇಸರವಾದಾಗಲೆಲ್ಲ ಕನ್ನಡಕಕ್ಕೆ ಸ್ನಾನ.

ನಿನ್ನೆ ನಸುಕಿನಲ್ಲಿ ಇದೇ ಉಬ್ಬಿನ ಆಚೆ ಎದುರು ಅಂಗಡಿಯ ಗಡಿಯಾರ ರಿಪೇರಿಯವರು ತಲೆ ಒಡೆದುಕೊಂಡು ಬಿದ್ದಿದ್ದರು. ನಾಲ್ಕು ಮಾರು ಮುಂದೆ ನನ್ನ ತಮ್ಮ ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಗೋಡೆಗೆ ಮೂತಿ ಜಜ್ಜಿಕೊಂಡು ನಿಂತಿತ್ತು. ಅದರ ಕೀಲಿ ತಮ್ಮನ ಜೇಬಿನಲ್ಲಿ ಸಿಕ್ಕಿತ್ತು.

ಮನೆಯಲ್ಲಿ ಮಲಗಿದ್ದೆ ಎಂಬುದು ಅವನ ಮಾತು. ಹೌದು, ಮಲಗಿದ್ದ ಎಂಬುದು ಅಮ್ಮನ ಸಾಕ್ಷಿ. ಹೆತ್ತವಳ ಸಾಕ್ಷಿಗೆ ಸ್ಟೇಷನ್ನಿನಲ್ಲಿ ಎಷ್ಟು ಬೆಲೆ ಎಂದು ನಾನು ಹೇಳಬೇಕಿಲ್ಲ. ಯಾರೋ ನಕಲಿ ಕೀಲಿ ಮಾಡಿಸಿ ಕಾರು ಕದ್ದಿದ್ದಾರೆ ಎಂದು ನಾನು ವಾದಿಸಿದ್ದಕ್ಕೆ, ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಸಮಯ ಕೊಡುತ್ತೇನೆ, ಅದು ನಿಮ್ಮ ಮೇಲಿನ ಗೌರವಕ್ಕೆ, ಆಮೇಲೆ ಹುಡುಗನನ್ನು ಒಳಗೆ ಹಾಕುತ್ತೇನೆ ಎಂದು ಇನ್ಸ್‌ಪೆಕ್ಟರ್ ಹೇಳಿದ್ದರು. ವಿಮಾ ಕಂಪನಿಗಾಗಿ ಅಪಘಾತದ ಕಾರುಗಳನ್ನು ಬಗೆದು ನೋಡುವುದು ನನ್ನ ಕೆಲಸ. ಅವರ ಎಷ್ಟೋ ಕೇಸುಗಳಲ್ಲಿ ನಾನು ಬಂಪರಿನ ಕೆಳಗೆ ಅಂಗಾತ ಮಲಗಿ ಎದ್ದಿದ್ದೇನೆ. ಆ ಋಣ ಈ ಸಂಜೆಗೆ ತೀರುತ್ತಿತ್ತು.

ಬಿಸಿಲು ಆಗಲೇ ಓಣಿಯ ಗೋಡೆ ಹತ್ತಿತ್ತು.

ತಮ್ಮನ ಮೇಲೆ ಬಿದ್ದ ಅನುಮಾನಕ್ಕೆ ಮೂಲ ಟೀಚರಮ್ಮನ ಕಿವಿ. ನಿವೃತ್ತರಾಗಿ ಮಹಡಿಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಕಿಟಕಿಯ ಕೆಳಗೇ ರಸ್ತೆಯುಬ್ಬು. ಹಗಲಿರುಳು ಅದನ್ನು ದಾಟುವ ಕಾರುಗಳ ಗೊಣಗಾಟ ಕೇಳಿ ಕೇಳಿ, ಯಾರು ಚೆನ್ನಾಗಿ ಓಡಿಸುತ್ತಾರೆ, ಯಾರು ಗೇರಿಗೆ ಹಿಂಸೆ ಕೊಡುತ್ತಾರೆ ಎಂದು ಹೇಳಬಲ್ಲರು. ಕಾರು ಓಡಿಸಿದವನು ಪಳಗಿದವನೇ, ಉಬ್ಬಿನ ಮೇಲೆ ಗೇರು ಬಿದ್ದದ್ದೇ ಗೊತ್ತಾಗಲಿಲ್ಲ ಎಂದು ಅವರು ಪೊಲೀಸರಿಗೆ ಹೇಳಿದ್ದರು. ಪಳಗಿದವನು ಎಂದ ಮೇಲೆ ಇನ್ಯಾರು? ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅಂದರೆ ನನ್ನ ತಮ್ಮ.

ಈ ಮಾತಿನ ಅರ್ಥ ತಿಳಿಯಬೇಕಾದರೆ ಆ ಕಾರಿನ ಸ್ವಭಾವ ತಿಳಿದಿರಬೇಕು. ಸಣ್ಣ ಪೆಟ್ರೋಲ್ ಕಾರು, ಸಣ್ಣ ಎಂಜಿನ್. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಸುಮಾರು ಹದಿನಾಲ್ಕು ಸುತ್ತು ತಿರುಗುತ್ತದೆ. ಸೆಕೆಂಡ್ ಗೇರಿನಲ್ಲಿ ಎಂಟೇ ಸುತ್ತು. ಎರಡರ ನಡುವೆ ಇಷ್ಟು ದೊಡ್ಡ ಕಂದಕ.

ಬಯಲು ರಸ್ತೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಏರಿನಲ್ಲಿ, ಉಬ್ಬಿನ ಮೇಲೆ, ಮನುಷ್ಯ ನಡೆಯುವ ವೇಗಕ್ಕೆ ಇಳಿದಾಗ ಮಾತ್ರ ಸೆಕೆಂಡ್ ಗೇರು ಕೈಕೊಡುತ್ತದೆ. ಎಂಜಿನ್ ಕೆಮ್ಮುತ್ತದೆ, ಕಾರು ನಡುಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಫಸ್ಟಿಗೆ ಇಳಿಯಲೇಬೇಕು. ಆದರೆ ಉರುಳುತ್ತಿರುವ ಕಾರನ್ನು ಫಸ್ಟಿಗೆ ಇಳಿಸುವಾಗ ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಎರಡು ಪಟ್ಟಾಗಬೇಕು. ಹಾಗಾಗದೆ ಕ್ಲಚ್ ಬಿಟ್ಟರೆ ಕಾರು ಮುಗ್ಗರಿಸುತ್ತದೆ, ಒಳಗಿರುವವರ ಹಣೆ ಗಾಜಿಗೆ.

ಬಲ್ಲವರು ಕ್ಲಚ್ ಒತ್ತಿ, ಗೇರು ಬದಲಿಸುವ ಮಧ್ಯೆ ಆಕ್ಸಿಲರೇಟರನ್ನು ಒಂದೇ ಒಂದು ಸಲ ಚುರುಕಾಗಿ ತಟ್ಟುತ್ತಾರೆ. ನಾನು ಮೊದಲ ಸಲ ಮಾಡಿ ತೋರಿಸಿದ್ದು ಅದನ್ನೇ. ‘ವ್ರೂಂ’ ಎಂಬ ಚಿಕ್ಕ ಸದ್ದು, ಗೇರು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಟೀಚರಮ್ಮನ ಕೈ ಅಲ್ಲ ಎಂದಿತು. ನನಗೆ ಒಳಗೊಳಗೇ ಖುಷಿ. ಎರಡನೆಯ ಸಲ ಕಲಿಯುವವಳಂತೆ ಓಡಿಸಿದೆ. ಗೇರು ಕರಕರ ಎಂದಿತು, ಕಾರು ಮುಗ್ಗರಿಸಿ ಉಬ್ಬಿನ ಮೇಲೆ ಪ್ರಾಣ ಬಿಟ್ಟಿತು. ಅದಕ್ಕೂ ಅಲ್ಲ ಎಂದಿತು ಆ ಕೈ.

ಪಳಗಿದವನೂ ಅಲ್ಲ, ಕಲಿಯುವವನೂ ಅಲ್ಲ. ಮತ್ತೆ ಯಾರು, ದೆವ್ವವೇ?

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಕಷ್ಟಪಟ್ಟು ನುಂಗಿ, ಮಧ್ಯಾಹ್ನ ಟೀಚರಮ್ಮನ ಕೋಣೆಯಲ್ಲಿ ನಡೆದದ್ದನ್ನು ಮತ್ತೊಮ್ಮೆ ನೆನೆದೆ.

ಕಡಿದಾದ ಮೆಟ್ಟಿಲು ಹತ್ತಿ ಹೋಗಿದ್ದೆ. ಮೊಣಕಾಲಿನ ನೋವಿನಿಂದ ತಾವು ಆರು ತಿಂಗಳಿಂದ ಕೆಳಗಿಳಿದಿಲ್ಲ ಎಂದು ಅವರು ಕತ್ತಿನವರೆಗಿನ ಬಿಳಿ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಹೇಳಿದರು. ದಿನಸಿ, ಹಾಲು ಎಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕಿಟಕಿಯಿಂದಲೇ ಮೇಲೆ ಬರುತ್ತದಂತೆ. ಕೋಣೆ ಒಪ್ಪವಾಗಿತ್ತು. ಕಿಟಕಿಯ ಪಕ್ಕದಲ್ಲಿ ತಂತಿ ಸುತ್ತಿಕೊಂಡ ಹಳೆಯ ಫೋನು. ಬಾಗಿಲ ಮೂಲೆಯಲ್ಲಿ ಒಂದು ಊರುಗೋಲು, ಅದರ ತುದಿಯ ರಬ್ಬರಿಗೆ ಹಳದಿ ಬಣ್ಣ ಮೆತ್ತಿತ್ತು. ಮೊನ್ನೆ ಸಂಜೆ ಪುರಸಭೆಯವರು ಬಂದು ಉಬ್ಬಿಗೆ ಹಳದಿ ಬಳಿದು ಹೋದಾಗಿನಿಂದ ಓಣಿಯಲ್ಲಿ ಹಳದಿಯಾಗದ ವಸ್ತುವೇ ಇರಲಿಲ್ಲ. ಸ್ಕೂಲಿನ ಕಾರಿನ ಟೈರು, ಇನ್ಸ್‌ಪೆಕ್ಟರರ ಬೂಟು, ಬೀದಿಯ ಬೆಕ್ಕಿನ ಬಾಲ, ಎಲ್ಲ ಹಳದಿ.

ನಿನ್ನೆ ಕೇಳಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿ ಎಂದು ಕೇಳಿದ್ದೆ. ಮಕ್ಕಳಿಗೆ ಕಲಿಸಿದವರು, ನಾಚಲಿಲ್ಲ.

“ಮೊದಲು ಗುರ್ ಅಂತ ಬಂತು. ಉಬ್ಬಿನ ಹತ್ರ ಒಂದೇ ಸಮ ಕೂಗಿತು ನೋಡಿ, ಹಾಲು ಉಕ್ಕೋ ಹಾಗೆ ಮೇಲೆ ಮೇಲೆ ಹೋಯ್ತು. ಆ ಕೂಗಿನ ಒಳಗೇ ಗೇರು ಬಿತ್ತು. ಕರ್ ಅನ್ಲಿಲ್ಲ, ಜಗ್ಗಲಿಲ್ಲ. ಆಮೇಲೆ ಧಡ್ ಅಂತ ಗೋಡೆಗೆ.”

ಪೊಲೀಸರಿಗೆ ಈ ಕೂಗಿನ ವಿಷಯ ಯಾಕೆ ಹೇಳಲಿಲ್ಲ ಎಂದೆ. ಅವರು ಗೇರಿನ ಬಗ್ಗೆ ಕೇಳಿದರು, ಗೇರಿನ ಬಗ್ಗೆ ಹೇಳಿದೆ ಎಂದರು. ಟೀಚರಲ್ಲವೇ, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ.

ಹೊರಡುವ ಮುಂಚೆ ಒಂದು ಒಳ್ಳೆಯ ಸುದ್ದಿಯನ್ನೂ ಕೊಟ್ಟೆ. ಆಸ್ಪತ್ರೆಯಲ್ಲಿ ಗಡಿಯಾರದವರು ಬೆಳಿಗ್ಗೆ ಕಣ್ಣು ಮಿಟುಕಿಸಿದರಂತೆ, ಸಂಜೆಯೊಳಗೆ ಮಾತಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ ಎಂದೆ. ಟೀಚರಮ್ಮನ ಕೈಯಲ್ಲಿದ್ದ ಚಹಾದ ಲೋಟ ಬಾಯಿಗೆ ಹೋಗದೆ ನಡುದಾರಿಯಲ್ಲಿ ನಿಂತಿತು. ಪಾಪ, ಎದುರುಬದುರಿನ ಪರಿಚಯ, ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

ಮೆಟ್ಟಿಲು ಇಳಿಯುವಾಗಲೇ ಅಮ್ಮನ ಫೋನ್ ಬಂತು. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಪರದೆ, ಶಾಲೆಯ ಸಮವಸ್ತ್ರ, ಚೀಲ, ಏನು ಬಂದರೂ ಸರಿ. ಮೋಟಾರಿನ ಮಷೀನು, ಕಾಲ ಕೆಳಗೆ ಪೆಡಲು. ಅವಳೊಂದಿಗೆ ಫೋನಿನಲ್ಲಿ ಮಾತಾಡುವುದೆಂದರೆ ಹಿಂದೆ ಮಷೀನಿನ ಝರ್ರೆಂಬ ಸದ್ದನ್ನೂ ಕೇಳುವುದೇ. ಹೊಲಿಗೆ ಕೊನೆ ಮುಟ್ಟೋ ತನಕ ಕಾಲು ಎತ್ತಬಾರದು, ಎತ್ತಿದರೆ ನೂಲು ಸಿಕ್ಕಾಗುತ್ತದೆ ಎಂದು ಸಣ್ಣವರಿದ್ದಾಗಿನಿಂದ ನಮ್ಮ ಕಿವಿ ಕೊರೆದಿದ್ದಾಳೆ. ಇವತ್ತು ಮಷೀನಿನ ಸದ್ದಿರಲಿಲ್ಲ. ಅವನು ಊಟ ಮಾಡಿದನಾ ಎಂದಷ್ಟೇ ಕೇಳಿ ಇಟ್ಟುಬಿಟ್ಟಳು.

ಹೀಗೆ ನೆನೆಯುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಕೂಗಿನ ಒಳಗೇ ಗೇರು ಬಿತ್ತು ಎಂದಿದ್ದರು ಟೀಚರಮ್ಮ.

ಎಂಜಿನ್ ಹಾಗೆ ಉಕ್ಕುವುದು ಯಾವಾಗ? ಆಕ್ಸಿಲರೇಟರ್ ಮೇಲಿನ ಕಾಲು ಎತ್ತದೆಯೇ ಕ್ಲಚ್ ಒತ್ತಿದಾಗ. ಎಂಜಿನ್ನಿಗೆ ಎಳೆಯಲು ಭಾರವಿಲ್ಲ, ಪೆಟ್ರೋಲ್ ಮಾತ್ರ ಸುರಿಯುತ್ತಲೇ ಇದೆ, ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ. ಇದು ಕಲಿಯುವವರ ತಪ್ಪು. ಆದರೆ ಕಲಿಯುವವರು ಆಮೇಲೆ ಕ್ಲಚ್ಚನ್ನು ಅಷ್ಟು ನಾಜೂಕಾಗಿ ಬಿಡಲಾರರು, ಗೇರನ್ನು ಅಷ್ಟು ಸರಿಯಾದ ಕ್ಷಣಕ್ಕೆ ತಳ್ಳಲಾರರು. ಒಂದು ಕಾಲಿಗೆ ಏನೂ ಗೊತ್ತಿಲ್ಲ, ಇನ್ನೊಂದು ಕಾಲಿಗೆ ಎಲ್ಲ ಗೊತ್ತಿದೆ.

ನಾನು ತಲೆ ತಗ್ಗಿಸಿ ತಮ್ಮನ ಪಾದಗಳ ಕಡೆ ನೋಡಿದೆ.

ನಾವು ಕುಳಿತದ್ದು ಸ್ಕೂಲಿನ ಇನ್ನೊಂದು ಕಾರು, ಗುದ್ದಿಕೊಂಡ ಕಾರಿನ ಜೊತೆಯದು. ಕಲಿಸುವ ಕಾರುಗಳಿಗೆಲ್ಲ ಇರುವಂತೆ ಇದಕ್ಕೂ ಪಕ್ಕದ ಸೀಟಿನ ಕೆಳಗೆ ಎರಡು ಪೆಡಲು. ಒಂದು ಬ್ರೇಕು, ಒಂದು ಕ್ಲಚ್ಚು. ಆಕ್ಸಿಲರೇಟರ್ ಮಾತ್ರ ಇಲ್ಲ. ಮೇಷ್ಟ್ರು ಕಾರನ್ನು ನಿಲ್ಲಿಸಬಲ್ಲ, ಗೇರು ಬದಲಿಸಬಲ್ಲ. ಕಲಿಯುವವರ ಕಾಲನ್ನು ಆಕ್ಸಿಲರೇಟರ್ ಮೇಲಿಂದ ಎತ್ತಿಸಲಾರ.

“ಇನ್ನೊಂದು ಸಲ ಹೋಗೋಣ,” ಎಂದೆ. “ಈ ಸಲ ಕ್ಲಚ್ ನೀನು ಒತ್ತು. ಗೇರೂ ನೀನೇ ಹಾಕು. ನಾನು ಬರೀ ಆಕ್ಸಿಲರೇಟರ್ ಒತ್ಕೊಂಡಿರ್ತೀನಿ.”

ತಮ್ಮನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ಗೆಲ್ಲುವ ಹುರುಪಿನಲ್ಲಿರುವಾಗ ನನಗೆ ಪಕ್ಕದಲ್ಲಿರುವವರು ಕಾಣುವುದಿಲ್ಲ.

“ಬೇಡ ಅಕ್ಕ.”

“ಯಾಕೆ ಬೇಡ?”

ಕಾರನ್ನು ಓಣಿಯ ಬುಡಕ್ಕೆ ಹಿಂದಿಳಿಸಿ ಮತ್ತೆ ಏರು ಹತ್ತಿಸಿದೆ. ಸೆಕೆಂಡ್ ಗೇರು, ಉಬ್ಬು ಹತ್ತಿರವಾಯಿತು, ಎಂಜಿನ್ ಕೆಮ್ಮಲು ಶುರು. ನಾನು ಕಾಲು ಎತ್ತಲಿಲ್ಲ. ಪಕ್ಕದಲ್ಲಿ ತಮ್ಮನ ಪಾದ ಕ್ಲಚ್ಚಿಗೆ ಹೋಯಿತು. ಎಂಜಿನ್ ಕೂಗಿತು, ಹಾಲು ಉಕ್ಕುವ ಹಾಗೆ. ಆ ಕೂಗಿನ ನೆತ್ತಿಯಲ್ಲಿ ಅವನ ಕೈ ಗೇರನ್ನು ಫಸ್ಟಿಗೆ ಜಾರಿಸಿತು, ಪಾದ ಮೆಲ್ಲಗೆ ಮೇಲೆ ಬಂತು. ಕಾರು ಮುಗ್ಗರಿಸದೆ, ಗೊಣಗದೆ ಉಬ್ಬು ದಾಟಿತು. ಕಲಿಯುವವರ ತಪ್ಪು ಕಾಲೇ ಎಂಜಿನ್ನಿಗೆ ಬೇಕಾದ ವೇಗವನ್ನು ಕೊಟ್ಟಿತ್ತು. ಮೇಷ್ಟ್ರ ಕಾಲು ಉಳಿದದ್ದನ್ನು ನೋಡಿಕೊಂಡಿತ್ತು.

ಮಹಡಿಯ ಕಿಟಕಿಯಲ್ಲಿ ಕೈ ನೆಟ್ಟಗೆ ಮೇಲೆದ್ದಿತು. ಇದೇ.

ನಾನು ಗೆದ್ದಿದ್ದೆ. ಕಾರಿನಲ್ಲಿ ಒಬ್ಬರಲ್ಲ, ಇಬ್ಬರಿದ್ದರು. ಹೇಳಬೇಕೆಂದು ಬಾಯಿ ತೆರೆದವಳಿಗೆ ಆಗ ತಿಳಿಯಿತು, ಪಕ್ಕದ ಸೀಟಿನಲ್ಲಿ ಕುಳಿತು ಹೀಗೆ ಕ್ಲಚ್ ಒತ್ತಬಲ್ಲವರು ಈ ಊರಿನಲ್ಲಿ ಎಷ್ಟು ಜನ? ಆ ಸ್ಕೂಲಿನಲ್ಲಿ ಮೇಷ್ಟ್ರು ಒಬ್ಬನೇ. ಅವನ ಪಾದ ಇನ್ನೂ ಆ ಪೆಡಲಿನ ಮೇಲೇ ಇತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಅದರಲ್ಲೂ ನಾನು ಕಟ್ಟಿಸಿದ್ದು ತಮ್ಮನ ಕೈ.

ಇನ್ಸ್‌ಪೆಕ್ಟರ್ ಉಬ್ಬಿನ ಬಳಿಯಿಂದ ನಮ್ಮ ಕಡೆಗೆ ನಿಧಾನವಾಗಿ ನಡೆದು ಬರುತ್ತಿದ್ದರು. ನಾನು ಗಾಜು ಏರಿಸಿದೆ.

“ನೀನಿದ್ದೆ,” ಎಂದೆ.

ಅವನು ಹೌದೆಂದು ತಲೆಯಾಡಿಸಿದ.

“ಮನೇಲಿ ಮಲಗಿದ್ದೆ ಅಂತ ನನ್ನ ಮುಖ ನೋಡಿ ಹೇಳಿದ್ಯಲ್ಲ.”

“ಬೇರೆ ದಾರಿ ಇರ್ಲಿಲ್ಲ ಅಕ್ಕ. ಆದರೆ ನಾವು ಅವರಿಗೆ ಗುದ್ದಿಲ್ಲ. ನಮ್ಮ ಕಾರು ಉಬ್ಬು ದಾಟೋವಾಗಲೇ ಅವರು ಬಿದ್ದಿದ್ರು. ಬ್ರೇಕಿಗೆ ಕಾಲು ಹೋಗೋ ಮುಂಚೆ ನಾನು ಸ್ಟೇರಿಂಗ್ ಎಳೆದೆ, ಗೋಡೆಗೆ ಹೋಯ್ತು. ರೇಡಿಯೇಟರ್ ಒಡೀತು, ಕಾರು ಕದಲಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ನಾನೇ.”

ಹೆಸರು ಹೇಳದ ಗಂಡಸೊಬ್ಬ ಫೋನ್ ಮಾಡಿದ್ದ ಎಂದು ಇನ್ಸ್‌ಪೆಕ್ಟರ್ ಹೇಳಿದ್ದು ನೆನಪಾಯಿತು. ಬಂಪರಿನಲ್ಲಿ ಸುಣ್ಣದ ಪುಡಿ ಇತ್ತು, ರಕ್ತವಿರಲಿಲ್ಲ, ಬಟ್ಟೆಯ ಎಳೆ ಇರಲಿಲ್ಲ. ಅದನ್ನು ನಿನ್ನೆಯೇ ನೋಡಿ ಇನ್ಸ್‌ಪೆಕ್ಟರರಿಗೆ ತೋರಿಸಿದ್ದೆ. ತಲೆ ಒಡೆದದ್ದು ನೆಲಕ್ಕೆ ಬಡಿದು, ಕಾರಿಗೆ ರಕ್ತ ಯಾಕೆ ಹತ್ತಬೇಕು ಎಂದು ಅವರು ತಳ್ಳಿಹಾಕಿದ್ದರು.

“ಓಡಿಸ್ತಿದ್ದದ್ದು ಯಾರು?”

ತಮ್ಮ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. ಅದನ್ನೊಂದು ಕೇಳಬೇಡ ಎಂದ. ಓಡಿಸಿದವರಿಗೆ ಕಲಿಯಲು ಬೇಕಾದ ಲೈಸೆನ್ಸೂ ಮಾಡಿಸಿರಲಿಲ್ಲ, ಸ್ಕೂಲಿನ ಯಜಮಾನರಿಗೆ ಹೇಳದೆ ಕಾರು ತಂದಿದ್ದ, ತಪ್ಪೆಲ್ಲ ತನ್ನದು, ಒಳಗೆ ಹಾಕುವುದಾದರೆ ತನ್ನನ್ನು ಹಾಕಲಿ ಎಂದ. ಪ್ರೇಮ ಪ್ರಕರಣವೋ ಏನೋ ಎಂದು ಒಂದು ಕ್ಷಣ ನನಗೆ ಅನಿಸಿತು. ಗುದ್ದಿದ ಕಾರಿನ ಡ್ರೈವರ್ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಲಾಗಿತ್ತು, ನಾನು ಕುಳಿತಾಗ ಮೊಣಕಾಲು ಸ್ಟೇರಿಂಗಿಗೆ ತಾಗಿತ್ತು. ಗಿಡ್ಡ ವ್ಯಕ್ತಿ.

“ಯಾವ ಹುಡುಗೀನೋ?” ಎಂದು ರೇಗಿದೆ. “ನಿನ್ನ ಜೈಲಿಗೆ ಕಳಿಸಿ ಮನೇಲಿ ಕೂತಿದಾಳಲ್ಲ, ಅವಳಿಗೆ ನಾಚಿಕೆ ಇಲ್ವಾ?”

“ಹಾಗನ್ಬೇಡ.” ಅವನ ಕಣ್ಣು ತುಂಬಿತು. “ನಿನ್ನೆಯಿಂದ ಸ್ಟೇಷನ್ನಿಗೆ ಬರ್ತೀನಿ ಅಂತ ಹಟ ಮಾಡ್ತಿರೋದು ಅವಳೇ. ನಾನೇ ಆಣೆ ಹಾಕಿಸಿ ಕೂರಿಸಿದೀನಿ. ಎಷ್ಟು ಸಲ ಹೇಳಿದೆ ಅಕ್ಕ, ಕಾಲು ಎತ್ತು, ಕಾಲು ಎತ್ತು ಅಂತ. ಅಭ್ಯಾಸ ಅದು. ಎದುರಿಗೆ ಏನೇ ಬರ್ಲಿ, ಕೊನೆ ಮುಟ್ಟೋ ತನಕ ಎತ್ತಲ್ಲ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

ಕೊನೆ ಮುಟ್ಟೋ ತನಕ. ಆ ಮಾತನ್ನು ಜಗತ್ತಿನಲ್ಲಿ ಇಬ್ಬರೇ ಮಕ್ಕಳು ದಿನಾ ಕೇಳಿ ಬೆಳೆದವರು. ಇಬ್ಬರೂ ಈ ಕಾರಿನಲ್ಲೇ ಕುಳಿತಿದ್ದೆವು.

ಕಾರು ಕಲಿಯುತ್ತೇನೆ ಎಂದು ಅಮ್ಮ ಯಾವಾಗಲೋ ಹೇಳಿದ್ದಳು. ಹೊಲಿದ ಬಟ್ಟೆಯ ಗಂಟುಗಳನ್ನು ಅಂಗಡಿಗಳಿಗೆ ತಾನೇ ಕೊಂಡೊಯ್ಯಬೇಕು, ಯಾರ ಕಾಲೂ ಹಿಡಿಯಬಾರದು ಎಂಬ ಆಸೆ. ಹೇಳಿದ್ದಳು, ಮರೆತಳು ಎಂದುಕೊಂಡಿದ್ದೆ. ಅಮ್ಮ ಯಾವುದನ್ನು ಮರೆತಿದ್ದಾಳೆ?

ಇನ್ಸ್‌ಪೆಕ್ಟರ್ ಬೆರಳಿನಿಂದ ಗಾಜು ತಟ್ಟಿದರು. ಇಳಿಸಿದೆ. ಅವರ ಮುಖದಲ್ಲಿ ಗೆಲುವಿರಲಿಲ್ಲ, ಅದೇ ಇನ್ನೂ ಭಯವಾಯಿತು. ಈ ಸಲ ಕನ್ನಡಕವನ್ನೂ ಒರೆಸಲಿಲ್ಲ.

“ನನಗೂ ಡ್ರೈವಿಂಗ್ ಬರುತ್ತೆ ಮೇಡಂ,” ಎಂದರು. “ಇಬ್ಬರು. ಒಬ್ಬರು ಯಾರು ಅಂತ ಗೊತ್ತಾಯ್ತು. ಇನ್ನೊಂದು ಹೆಸರು ಬೇಕು.”

ಅವನು ಗುದ್ದಿಲ್ಲ, ಗಡಿಯಾರದವರು ಮೊದಲೇ ಬಿದ್ದಿದ್ದರು ಎಂದಷ್ಟೇ ನಾನು ಹೇಳಿದೆ. ಹೆಸರನ್ನು ತಮ್ಮನೂ ಕೊಡಲಿಲ್ಲ. ಮನೆಯಲ್ಲಿದ್ದೆ ಎಂದು ಸುಳ್ಳು ಹೇಳಿದವನು ಗುದ್ದಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವನನ್ನು ಇಳಿಸಿ, ಜೀಪಿನ ಹಿಂದಿನ ಸೀಟಿಗೆ ಹತ್ತಿಸಿದರು. ಹತ್ತುವ ಮುಂಚೆ ತಮ್ಮ ತಿರುಗಿ ನನ್ನನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು. ಅಮ್ಮನನ್ನು ನೋಡಿಕೋ ಎಂಬಂತೆ ತಲೆಯಾಡಿಸಿದ ಅಷ್ಟೇ.

ಜೀಪು ತಿರುವಿನಲ್ಲಿ ಮರೆಯಾಯಿತು. ಮೇಲೆ ನೋಡಿದೆ. ಟೀಚರಮ್ಮನ ಕಿಟಕಿ ಮುಚ್ಚಿತ್ತು.

ಅಮ್ಮನ ಮನೆ ಓಣಿಯ ಕೆಳಗಿನ ಬೀದಿಯಲ್ಲಿ. ನಾನು ಓಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲು ತೆರೆದೇ ಇತ್ತು. ಅಮ್ಮ ಮಷೀನಿನ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದಳು. ತೋಳಿಗೆ ಕೈಚೀಲ, ಕಾಲಿಗೆ ಹೊರಗೆ ಹೋಗುವ ಚಪ್ಪಲಿ. ಮಷೀನಿನ ಮೇಲೆ ಅರ್ಧ ಹೊಲಿದ ಪರದೆ, ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು. ಹೊಲಿಗೆಯನ್ನು ಅರ್ಧಕ್ಕೆ ನಿಲ್ಲಿಸಿದ ಅಮ್ಮನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಕರ್ಕೊಂಡು ಹೋದ್ರಾ?” ಎಂದಳು.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಬೈಯಬೇಕೆಂದು ಬಂದವಳು ಅವಳ ಮಂಡಿಯ ಮೇಲೆ ತಲೆಯಿಟ್ಟೆ.

ನಡೆ, ಸ್ಟೇಷನ್ನಿಗೆ ಹೋಗೋಣ, ನಾನೇ ಓಡಿಸಿದ್ದು ಎಂದು ಹೇಳುತ್ತೇನೆ, ಆಣೆ ಮುರಿದ ಪಾಪ ನನಗೇ ಬರಲಿ ಎಂದು ಅವಳು ಎದ್ದಳು. ನಾನು ಕೈ ಹಿಡಿದು ಕೂರಿಸಿದೆ. ಹೋಗಿ ಹೇಳಿದರೆ ಒಬ್ಬರ ಬದಲು ಇಬ್ಬರು ಒಳಗಿರುತ್ತಾರೆ, ಅಷ್ಟೇ. ಗಡಿಯಾರದವರು ಮೊದಲೇ ಬಿದ್ದಿದ್ದರು ಎಂಬುದಕ್ಕೆ ಏನಾದರೂ ಗುರುತು ಬೇಕು. ಅತ್ತ ದರಿ, ಇತ್ತ ಪುಲಿ.

“ಅಮ್ಮ, ಸರಿಯಾಗಿ ನೆನಪು ಮಾಡ್ಕೋ. ಗುದ್ದಿಲ್ಲ ಅಂತ ಖಂಡಿತಾನಾ? ಗಾಬರಿಯಲ್ಲಿ ಗೊತ್ತಾಗದೆ ಇರಬಹುದು.”

ಅಮ್ಮ ನನ್ನನ್ನು ನೇರವಾಗಿ ನೋಡಿದಳು. ಅಳತೆ ತಪ್ಪಿದೆ ಎಂದು ಗಿರಾಕಿ ದೂರಿದಾಗ ನೋಡುವ ನೋಟ ಅದು.

“ನನ್ನ ಕಾಲು ತಪ್ಪಿರಬಹುದು, ಕಣ್ಣು ತಪ್ಪಿಲ್ಲ. ಉಬ್ಬು ಹತ್ತೋವಾಗ ದೀಪದ ಬೆಳಕು ಮೇಲೆ ಹೋಯ್ತು, ಇಳಿಯೋವಾಗ ಅವರ ಮೇಲೆ ಬಿತ್ತು. ಬಿದ್ದಿದ್ರು. ಅಂಗಾತ. ಪಕ್ಕದಲ್ಲಿ ಆಯಮ್ಮ ನಿಂತಿದ್ಲು.”

“ಯಾವ ಆಯಮ್ಮ?”

“ಗೊತ್ತಿಲ್ಲ. ಕಾರಲ್ಲಿ ಇದ್ದೆ ಅಂತಲೇ ಹೇಳ್ಬಾರ್ದು ಅಂತ ಆಣೆ, ಇದನ್ನ ಯಾರಿಗೆ ಹೇಳ್ಲಿ? ನಿನ್ನ ತಮ್ಮ ನೋಡ್ಲಿಲ್ಲ, ಅವನು ಗೇರು, ಸ್ಟೇರಿಂಗು ಅಂತ ಒದ್ದಾಡ್ತಿದ್ದ. ನಾನು ರಸ್ತೆ ನೋಡ್ತಿದ್ದೆ. ನೋಡಿ ಓಡ್ಸು ಅಂತ ಅವನೇ ಹೇಳಿಕೊಟ್ಟಿದ್ದು.” ಅಷ್ಟರಲ್ಲೂ ಅಮ್ಮನಿಗೆ ಸಣ್ಣ ಹೆಮ್ಮೆ. “ಎತ್ತರದ ಹೆಂಗಸು. ಬಿಳೀ ಕೂದಲು, ಕತ್ತಿನ ತನಕ ಕತ್ತರಿಸಿದ್ದು. ಬೆಳಕು ಬಿದ್ದ ತಕ್ಷಣ ಹಿಂದೆ ಸರಿದು, ಉಬ್ಬಿನ ಮೇಲೇ ಕಾಲಿಟ್ಟು, ಆ ಮೂಲೆ ಬಾಗಿಲೊಳಗೆ ಹೋದ್ಲು. ಊರುಗೋಲು ಊರ್ಕೊಂಡು.”

ಓಣಿಯಲ್ಲಿ ಉಬ್ಬಿನ ಪಕ್ಕದಲ್ಲಿ ಇರುವುದು ಒಂದೇ ಮೂಲೆ ಬಾಗಿಲು. ಅದರ ಹಿಂದೆ ಇರುವುದು ಕಡಿದಾದ ಮೆಟ್ಟಿಲು.

ಊರುಗೋಲಿನ ತುದಿಯ ಹಳದಿ ನನ್ನ ಕಣ್ಣ ಮುಂದೆ ಬಂತು. ಉಬ್ಬಿಗೆ ಬಣ್ಣ ಬಳಿದದ್ದು ಮೊನ್ನೆ ಸಂಜೆ. ಆರು ತಿಂಗಳಿಂದ ಕೆಳಗಿಳಿಯದವರ ಕೋಲಿಗೆ ಅದು ಹತ್ತಿದ್ದು ಹೇಗೆ? ಎಲ್ಲ ಹಳದಿ, ಬೆಕ್ಕಿನ ಬಾಲವೂ ಹಳದಿ ಎಂದು ನಗೆಯಾಡಿದ್ದೆ. ಬೆಕ್ಕು ಬೀದಿಯಲ್ಲಿ ಓಡಾಡುತ್ತದೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

ಓಡಿಸಿದವನು ಪಳಗಿದವನು ಎಂದು ಪೊಲೀಸರಿಗೆ ಹೇಳಿದ್ದು ಅದೇ ಬಾಯಿ. ಇದೇ ಎಂದು ಇಂದು ಮೇಲೆದ್ದದ್ದು ಅದೇ ಕೈ. ಎರಡೂ ನಿಜವೇ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರಗಳು. ನೀವು ಎಲ್ಲಿದ್ದಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ನಡುದಾರಿಯಲ್ಲಿ ನಿಂತ ಆ ಚಹಾದ ಲೋಟ ನೆನಪಾಯಿತು. ಗಡಿಯಾರದವರು ಸಂಜೆಯೊಳಗೆ ಮಾತಾಡಬಹುದು ಎಂದು ಅವರಿಗೆ ಹೇಳಿದವಳು ನಾನು.

ನನ್ನ ತಮ್ಮ ಗುದ್ದಿಲ್ಲ ಎಂದು ಹೇಳಬಲ್ಲ, ಪೊಲೀಸರು ನಂಬಬಲ್ಲ ಬಾಯಿ ಈ ಊರಿನಲ್ಲಿ ಒಂದೇ ಇತ್ತು. ಅದು ಆಸ್ಪತ್ರೆಯ ಮಂಚದ ಮೇಲಿತ್ತು. ಅವರನ್ನು ಕೆಡವಿದ್ದು ಯಾರು ಎಂದು ಹೇಳಬಲ್ಲ ಬಾಯಿಯೂ ಅದೇ.

ಇನ್ಸ್‌ಪೆಕ್ಟರರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವರ ಮೇಲೆ ಬಂದ ಸಿಟ್ಟನ್ನೆಲ್ಲ ಬೆರಳಿಗೆ ತುಂಬಿ, ಮಧ್ಯಾಹ್ನ ಬರೆದುಕೊಂಡಿದ್ದ ಟೀಚರಮ್ಮನ ನಂಬರ್ ಒತ್ತಿದೆ. ಎತ್ತಲಿ, ದೇವರೇ, ಎತ್ತಿ ಬೈಯಲಿ, ಮಂಡಿ ನೋವು ಎಂದು ನರಳಲಿ, ನಾನು ಮಹಾ ಅನುಮಾನದ ಪ್ರಾಣಿ ಎಂದು ಸಾಬೀತಾಗಲಿ.

“ಯಾರಿಗೆ ಮಾಡ್ತಿದೀಯ?” ಎಂದು ಅಮ್ಮ ಕೇಳಿದಳು. ನಾನು ಕೈಸನ್ನೆಯಿಂದ ಸುಮ್ಮನಿರಿಸಿದೆ.

ಕಿಟಕಿಯ ಪಕ್ಕದ ಆ ಹಳೆಯ ಫೋನು, ಅವರ ಮಂಚದಿಂದ ಕೈಚಾಚಿದರೆ ಸಿಗುವಂಥದ್ದು, ಬಡಿದುಕೊಳ್ಳುತ್ತಲೇ ಇತ್ತು. ಆರು ತಿಂಗಳಿಂದ ಮೆಟ್ಟಿಲು ಇಳಿಯದ ಹೆಂಗಸಿನ ಕೋಣೆಯಲ್ಲಿ ಅದನ್ನು ಎತ್ತುವವರು ಯಾರೂ ಇರಲಿಲ್ಲ.